ಕಂದು ಆಕಾಶ

ಮಾರ್ಚ್ ಒಂಬತ್ತು, ಸೋಮವಾರ. ಬೆಳಗಿನಿಂದ ಮೋಡ, ಗಾಳಿಯಿಲ್ಲ.

"ಗುರುಗಳೇ, ಗುರುವಿನ ತಪ್ಪು ಶಿಷ್ಯನ ಕಣ್ಣಿಗೆ ಬಿದ್ದರೆ ಅವನು ಏನು ಮಾಡಬೇಕು?" ಎಂದು ಮೈಲಾರಿ ಕೇಳಿದ.

ಕೇಳುವುದಕ್ಕೆ ಅವನಿಗೆ ಕಾರಣವಿತ್ತು. ಗುರುಗಳು ಬರೆದು ಮುಗಿಸಿದ್ದ ದೇವಿಯ ಪಟದಲ್ಲಿ ಎಡಗೈಗೆ ಆರು ಬೆರಳಿದ್ದವು. ಮರುದಿನ ಪಟ ಮಠಕ್ಕೆ ಹೋಗಬೇಕಿತ್ತು. ಹನ್ನೊಂದು ವರ್ಷ ಅನ್ನ ಹಾಕಿ ವಿದ್ಯೆ ಕಲಿಸಿದವರ ಎದುರು ನಿಂತು ಬೆರಳೆಣಿಸುವುದು ಹೇಗೆ?

ಗುರುಗಳು ಕುಂಚ ತೊಳೆಯುತ್ತ ಹೇಳಿದರು:

ಫಿಲಿಪ್ಪೀನ್ಸ್ ದ್ವೀಪಗಳ ಒಬ್ಬ ಯುವಕ ಚಿತ್ರ ಕಲಿಯಲು ಹಡಗು ಹತ್ತಿ ಸ್ಪೇನ್ ದೇಶಕ್ಕೆ ಹೋದ. ಅವನ ಖರ್ಚನ್ನು ಊರವರು ಹೊತ್ತಿದ್ದರು. ಹುಡುಗ ಚೆನ್ನಾಗಿ ಕಲಿಯುತ್ತಿದ್ದಾನೆ ಎಂದು ಅಲ್ಲಿಯ ಗುರು ವರ್ಷಕ್ಕೊಮ್ಮೆ ಕಾಗದ ಬರೆಯಬೇಕು. ಕಾಗದ ಬಾರದಿದ್ದರೆ ಅವನು ಮರಳಬೇಕು.

ಚಿತ್ರಶಾಲೆಯಲ್ಲಿ ಹಳೆಯ ಚಿತ್ರವೊಂದರ ಮುಂದೆ ಕುಳಿತು ಅದನ್ನು ಇದ್ದ ಹಾಗೆಯೇ ನಕಲು ಮಾಡುವುದು ಆ ದೇಶದ ಪದ್ಧತಿ. ಅವನಿಗೆ ಸಿಕ್ಕಿದ್ದು ರೈತರು ಕಣದಲ್ಲಿ ಒಕ್ಕಣೆ ಮಾಡುತ್ತಿರುವ ಚಿತ್ರ. ಅದರಲ್ಲಿ ಎಲ್ಲರ ನೆರಳೂ ಅವರವರ ಕಾಲ ಬುಡದಲ್ಲಿತ್ತು. ಹಾಗಾದರೆ ಅದು ನಡುಮಧ್ಯಾಹ್ನ. ಆಕಾಶ ಮಾತ್ರ ಕಂದು. ಮಧ್ಯಾಹ್ನಕ್ಕೆ ಇದೆಂಥ ಆಕಾಶ ಎಂದು ಅವನು ಎರಡು ದಿನ ಯೋಚಿಸಿದ. ಮೂರನೆಯ ದಿನ ತನ್ನ ನಕಲಿಗೆ ನೀಲಿ ಹಚ್ಚಿದ.

ಗುರು ನಕ್ಕ. "ನಿಮ್ಮ ಕಡೆ ಅಗಸರು ಆಕಾಶಕ್ಕೂ ನೀಲಿ ಹಾಕುತ್ತಾರೇನಯ್ಯ? ಈ ಬಣ್ಣವನ್ನು ನಾನು ನಲವತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಇದೇ ಈ ಚಿತ್ರದ ಜೀವ."

ಯುವಕ ಕಂದು ಹಚ್ಚಲು ಕಲಿತ. ಊರಿಗೆ ಕಾಗದ ಹೋಯಿತು.

ನಾಲ್ಕನೆಯ ವರ್ಷ, ಚಿತ್ರಗಳನ್ನು ಶುಚಿಮಾಡುವ ಮುದುಕನೊಬ್ಬ ಅದೇ ಚಿತ್ರದ ಮೂಲೆಯನ್ನು ಹತ್ತಿಯಿಂದ ಒರೆಸಿದ. ಹಿಂದೆ ಯಾರೋ ಬಳಿದಿದ್ದ ವಾರ್ನಿಷು ಹಳತಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತಿಗೆ ಅಂಟಿ ಎದ್ದು ಬಂತು. ಅಡಿಯಲ್ಲಿ ಅಂಗೈಯಗಲ ನೀಲಿ.

"ನಿನ್ನ ಗುರುಗಳನ್ನು ಕರೆದುಕೊಂಡು ಬಾರಪ್ಪ. ಅವರು ಹೂಂ ಅಂದರೆ ಉಳಿದದ್ದನ್ನೂ ತೆಗೆಯುತ್ತೇನೆ" ಎಂದ ಮುದುಕ.

ಯುವಕ ಗುರುವಿನ ಕೋಣೆಯ ಬಾಗಿಲವರೆಗೆ ಹೋದ. ಒಳಗೆ ಗುರು ಆ ವರ್ಷದ ಕಾಗದ ಬರೆಯುತ್ತಿದ್ದ. ಯುವಕ ಬಾಗಿಲು ತಟ್ಟದೆ ಹಿಂತಿರುಗಿದ.

"ಬೇಡವಂತೆ" ಎಂದ.

ಮುದುಕ ಮೂಲೆಗೆ ಮತ್ತೆ ಕಂದು ಬಳಿದ. ಮುಂದೆ ಆ ಯುವಕ ಊರಿಗೆ ಮರಳಿ, ತನ್ನ ಕಣ್ಣಿಗೆ ಕಂಡಂತೆಯೇ ಬರೆದು ದೊಡ್ಡ ಹೆಸರು ಪಡೆದ.

ಗುರುಗಳು ಕುಂಚವನ್ನು ಒರೆಸಿ ಬದಿಗಿಟ್ಟರು. ಕತೆ ಅಲ್ಲಿಗೆ ಮುಗಿದಂತೆ ಕಂಡಿತು. ಇಷ್ಟು ಸಲೀಸಾಗಿ ಮುಗಿಯಬಹುದೇ ಎಂದು ಮೈಲಾರಿಗೆ ಅನುಮಾನವಾಯಿತು.

"ಆ ಸುಳ್ಳಿಗೆ ಅವನು ಕೊನೆಗೆ ಏನು ತೆತ್ತ, ಗುರುಗಳೇ?"

"ತೆತ್ತವನು ಅವನಲ್ಲಪ್ಪ, ತಾನು ಜೀವಮಾನವೆಲ್ಲ ಕಲಿಸಿದ್ದು ಕೊಳೆಯನ್ನು ಎಂದು ತಿಳಿಯದೆ ಸತ್ತ ಅವನ ಗುರು."