ಮೊಲದ ಜಾಗದಲ್ಲಿ ಕೂತ ಒಂಟೆ ಮೇಷ್ಟ್ರು

ಹೊಂಗೆಮರದ ಕೆಳಗೆ ಶಾಲೆ ತೆರೆದ ಒಂಟೆ ಮೇಷ್ಟ್ರು ಹಾಜರಿ ಪುಸ್ತಕದ ಅಕಾರಾದಿ ಕ್ರಮದಲ್ಲೇ ಮಕ್ಕಳನ್ನು ಕೂರಿಸಿದ್ದರು. ಮುಂದೆ ಆನೆಮರಿ, ಅದರ ಹಿಂದೆ ಎಮ್ಮೆಕರು, ಆಮೇಲೆ ಕತ್ತೆಮರಿ, ಕೊನೆಗೆ ಮೊಲ. ಮೇಲಿನಿಂದ ನೋಡಿದರೆ ಸಾಲು ದಾರ ಹಿಡಿದಷ್ಟು ನೇರ. ಅದು ಅವರ ಹೆಮ್ಮೆ.

ಒಂದು ಸಂಗತಿ ಮಾತ್ರ ಅವರಿಗೆ ಬಗೆಹರಿಯಲಿಲ್ಲ. ಬಾಯಿಪಾಠವನ್ನು ಪಟಪಟನೆ ಒಪ್ಪಿಸುವ ಮೊಲ, ಕರಿಹಲಗೆ ನೋಡಿ ಓದು ಎಂದರೆ ತೆಪ್ಪಗಿರುತ್ತಿತ್ತು.

"ನಾಳೆಯಿಂದ ಕೆಳಗಿನ ತರಗತಿಗೆ ಹೋಗು," ಎಂದರು ಮೇಷ್ಟ್ರು.

ಮೊಲದ ಕಣ್ಣು ತುಂಬಿತು. "ಹೋಗ್ತೀನಿ ಮೇಷ್ಟ್ರೇ. ಅದಕ್ಕೆ ಮೊದಲು ತಾವೊಂದು ಸಲ ನನ್ನ ಜಾಗದಲ್ಲಿ ಕೂತು ಓದಿ ತೋರಿಸಿ."

ಅಲ್ಲೇನಿದೆ ನೋಡೋಣವೆಂಬ ಕುತೂಹಲದಿಂದ ಮೇಷ್ಟ್ರು ಮೊಣಕಾಲು ಮಡಚಿ, ಗಲ್ಲವನ್ನು ನೆಲಕ್ಕೆ ತಾಗಿಸಿ ಕೂತರು.

"ಹಲಗೆ ಎಲ್ಲಿ?"

"ಆ ಬಾಲಗಳ ಆಚೆ ಇದೆಯಂತೆ. ಆನೆಮರಿ ಹೇಳ್ತಿತ್ತು."

ಮೇಷ್ಟ್ರು ಎದ್ದವರೇ ಮೊಲವನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ಅದು ಬೆರಗಿನಿಂದ ಹಲಗೆಯನ್ನು ನೋಡಿ, ಒಂದಕ್ಷರವೂ ತಪ್ಪದೆ ಓದಿತು.

ಅಂದಿನಿಂದ ದಿನವೂ ಗಂಟೆ ಬಾರಿಸುವ ಮೊದಲು ಮೇಷ್ಟ್ರು ಪ್ರತಿಯೊಬ್ಬರ ಜಾಗದಲ್ಲೂ ಒಮ್ಮೆ ಕೂತು ಏಳುತ್ತಾರೆ. ಒಂಟೆಗಳ ಮೊಣಕಾಲು ಜಡ್ಡುಗಟ್ಟಿರುವುದು ಅದಕ್ಕೇ.