ಕಾವಿಬಟ್ಟೆಯ ಅಂಚು

ಥಾಯ್ಲೆಂಡಿನ ಬಡಗಣ ಕಡೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಚಂತಾ ಅಂತ ಒಬ್ಬ ವಿಧವೆ. ಅವಳಿಗೆ ಒಬ್ಬನೇ ಮಗ. ಹೆಸರು ಬುನ್ಮಿ, ಅವರ ಮಾತಿನಲ್ಲಿ ಹಾಗಂದರೆ ಪುಣ್ಯವಂತ. ಇಪ್ಪತ್ತೆಂಟು ದಾಟಿತ್ತು, ಆಳು ತೇಗದ ಮರದ ಹಾಗೆ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಬಾ ಅಂದರೆ ಬರುವನು, ನಿಲ್ಲು ಅಂದರೆ ನಿಲ್ಲುವನು. ಹೋಗು ಅಂತ ಯಾರಾದರೂ ಹೇಳುವ ತನಕ ನಿಂತೇ ಇರುವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು, ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಅದೇ ಅವನ ಕಾಯಿಲೆ.

ಚಂತಾಳ ಕಾಯಿಲೆ ಬೇರೆ. ಪಟ್ಟಣದಲ್ಲಿ ಎದೆಯ ಫೋಟೋ ತೆಗೆಸಿದಾಗ ಡಾಕ್ಟರು, "ಇದೊಂದು ಮಳೆಗಾಲ ನೋಡಬಹುದಮ್ಮ, ಮುಂದಿನದು ಹೇಳೋಕಾಗಲ್ಲ" ಅಂದಿದ್ದರು. ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಮಗನಿಗೆ ಹೇಳಿದ್ದರೆ ಅವನು ಬಾಗಿಲಲ್ಲಿ ಮಳೆ ನೋಡುತ್ತಾ ಕೂತುಬಿಡುತ್ತಿದ್ದ.

ಪರದೇಶದವರಿಗೆ ಆ ಊರೆಂದರೆ ಪ್ರಾಣ. ಪ್ರಸಿತ್ ಅನ್ನುವ ಗೈಡು ವ್ಯಾನು ತುಂಬ ಜನರನ್ನು ಕರಕೊಂಡು ಬರುವನು. ಅವರಿಗೆ ಕಂಬಗಳ ಮೇಲೆ ನಿಂತ ಮರದ ಮನೆ ಚೆಂದ, ಚಾಪೆಯ ಮೇಲೆ ಕೂತು ಅಂಟಂಟು ಅನ್ನ ತಿನ್ನುವುದು ಚೆಂದ, ಬೆಳಗ್ಗೆ ಎದ್ದು ಭಿಕ್ಷುಗಳ ಪಾತ್ರೆಗೆ ಅನ್ನ ನೀಡುವುದು ಇನ್ನೂ ಚೆಂದ. "ನಮ್ಮ ಕಡೆ ಇದೆಲ್ಲ ಕಳೆದುಹೋಯ್ತು" ಅಂತ ನಿಟ್ಟುಸಿರು ಬಿಡುವರು. ಚಂತಾ ಮನೆಯ ಎರಡು ಕೋಣೆ ಅವರಿಗೆ ಬಿಟ್ಟುಕೊಟ್ಟು, ಅಡಿಗೆ ಮಾಡಿ ಬಡಿಸಿ, ಅದರಲ್ಲೇ ಜೀವನ ಸಾಗಿಸುತ್ತಿದ್ದಳು.

ಮಳೆ ಹಿಡಿಯುವ ಮುಂಚೆ ಒಂದು ದಿನ ನಾಲ್ಕು ಜನ ಬಂದರು. ಚಂತಾ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು. "ಮಗಾ, ಚಪ್ಪಲಿ ಬೂಟು ಒಳಗೆ ಬರಕೂಡದು. ಒಂದೇ ಒಂದು ಜೊತೆ ಒಳಗಿದ್ದರೂ ಹೊರಗೆ ಹಾಕು."

ಬಂದವರು ಮರ್ಯಾದಸ್ಥರು, ಮೆಟ್ಟಿಲ ಕೆಳಗೇ ಬೂಟು ಬಿಚ್ಚಿಟ್ಟು ಬಂದರು. ಆದರೆ ಅವರ ಚೀಲಗಳಲ್ಲಿ? ಬುನ್ಮಿ ಒಂದೊಂದೇ ಚೀಲ ಬಿಚ್ಚಿದ. ಹೊಸ ಬೂಟು, ಹಳೆ ಬೂಟು, ಯಾರೋ ಮೊಮ್ಮಗಳಿಗೆಂದು ಕೊಂಡ ಜರಿಯ ಚಪ್ಪಲಿ, ಎಲ್ಲ ತೆಗೆದು ಅಂಗಳಕ್ಕೆ ಹಾಕಿದ. ಸರಿಯಾಗಿ ಆಗಲೇ ಮೊದಲ ಮಳೆ ಸುರಿಯಿತು.

"ಏನೋ ಮಾಡಿದೆ, ನನ್ನ ಹಣೆಬರಹವೇ" ಅಂದಳು ಚಂತಾ.

"ನೀನೇ ಹೇಳಿದ್ದಲ್ಲಮ್ಮ, ಒಂದು ಜೊತೆಯೂ ಒಳಗಿರಬಾರದು ಅಂತ."

"ಅವರ ಸಾಮಾನು ಮುಟ್ಟಬೇಡ ಕಣೋ. ಅವರನ್ನೂ ಮುಟ್ಟಬೇಡ. ಅವರು ಏನೇ ಮಾಡಲಿ, ನಗುನಗ್ತಾ ಕೈ ಮುಗಿ. ಅವರು ಬರೋದೇ ಅದನ್ನು ನೋಡೋಕೆ."

"ಆಗಲಿ. ನಗ್ತೀನಿ, ಕೈ ಮುಗೀತೀನಿ, ಮುಟ್ಟಲ್ಲ" ಅಂದ ಬುನ್ಮಿ.

ಮರುವಾರ ಬಂದವರಲ್ಲಿ ಹಾಲೆಂಡಿನ ಒಬ್ಬ ಮುದುಕ ಇದ್ದ. ಹೊಳೆಯ ಪಾವಟಿಗೆಯ ಮೇಲೆ ನಿಂತು ಬಾಳೆದೊನ್ನೆಯ ದೀಪ ತೇಲಿಬಿಡುವುದನ್ನು ಕಲಿಯುತ್ತಿದ್ದ. ಪಾಚಿಗೆ ಕಾಲು ಜಾರಿತು. ದೀಪ ತೇಲಿತು, ಮುದುಕ ಮುಳುಗಿದ. ದಡದಲ್ಲಿ ಬುನ್ಮಿ ಒಬ್ಬನೇ. ಮುದುಕ ಮೇಲೆ ಬಂದು ಕೈ ಚಾಚಿದ. ಬುನ್ಮಿ ನಕ್ಕು ಕೈ ಮುಗಿದ. ಮುದುಕ ಮುಳುಗಿದ. ಮತ್ತೆ ಮೇಲೆ ಬಂದು ಬಾಯಿ ತೆರೆದ. ಬುನ್ಮಿ ಮತ್ತೆ ನಕ್ಕ, ಮತ್ತೆ ಕೈ ಮುಗಿದ, ಈ ಸಲ ಇನ್ನೂ ಸ್ವಲ್ಪ ಬಗ್ಗಿ. ಮೂರನೇ ಸಲಕ್ಕೆ ಪ್ರಸಿತ್ ಓಡಿಬಂದು ನೀರಿಗೆ ಹಾರಿದ. ಮುದುಕ ಬದುಕಿದ. ಆದರೆ ನೀರು ಕಕ್ಕುತ್ತಾ ಬುನ್ಮಿಯ ನಗುಮುಖ ನೋಡಿದನಲ್ಲ, ಆ ನೋಟ ಗದ್ದಲ ಕೇಳಿ ಓಡಿಬಂದ ಚಂತಾಳ ಎದೆಯಲ್ಲಿ ಮುಳ್ಳಾಗಿ ಕೂತಿತು. ತಾನಿಲ್ಲದ ಕಾಲಕ್ಕೆ ಜನ ಇವನನ್ನು ಹೀಗೇ ತಾನೇ ನೋಡುವುದು?

ಅವತ್ತು ಅವಳು ಬಯ್ದಳು, ಹೊಡೆದಳು, ಹೊಡೆದು ಕೆಮ್ಮಿದಳು. "ಬಿದ್ದವರನ್ನು ಕಂಡರೆ ನಗಬಾರದು ಕಣೋ. ಯಾರೇ ಆಗಲಿ, ಕೇಳಬೇಡ, ಯೋಚಿಸಬೇಡ. ಕೈ ಸಿಕ್ಕರೆ ಕೈ, ತಲೆ ಸಿಕ್ಕರೆ ತಲೆ, ಹಿಡಿದು ಮೇಲಕ್ಕೆತ್ತು."

"ಆಗಲಿ. ಕೈ ಸಿಕ್ಕರೆ ಕೈ, ತಲೆ ಸಿಕ್ಕರೆ ತಲೆ" ಅಂದ ಬುನ್ಮಿ.

ಹುಣ್ಣಿಮೆಯ ಬೆಳಗ್ಗೆ ಊರಿಗೆ ಊರೇ ವಿಹಾರದಲ್ಲಿ ಸೇರಿತು. ಪ್ರಸಿತ್‌ನ ಜನವೂ ಗೋಡೆ ಬದಿಗೆ ಕಾಲು ಮಡಿಸಿ ಕೂತಿತ್ತು. ವಿಹಾರದ ಹಿರಿಯ ಭಿಕ್ಷು, ಭಂತೇಜಿ, ಬುದ್ಧನ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದರು. ಹಿಂದಿದ್ದವರೆಲ್ಲ ಬಾಗಿದರು. ಹೂವಿನ ತಟ್ಟೆ ಹಿಡಿದು ಬಂದ ಬುನ್ಮಿ ಬಾಗಿಲಲ್ಲೇ ನಿಂತ. ಎಷ್ಟು ಜನ ಬಿದ್ದಿದ್ದಾರೆ! ಅವನ ಕಣ್ಣಲ್ಲಿ ನೀರು ಬಂತು. ತಟ್ಟೆ ಕೆಳಗಿಟ್ಟು ಎತ್ತಲು ಶುರು ಮಾಡಿದ. ಪಟೇಲನನ್ನು ಎತ್ತಿದ, ಸೂಲಗಿತ್ತಿಯನ್ನು ಎತ್ತಿದ, ಎತ್ತುತ್ತಾ ಎತ್ತುತ್ತಾ ಮುಂದಿನ ಸಾಲಿಗೆ ಬಂದ. ಭಂತೇಜಿಯ ಕೈ ಕಾವಿಯೊಳಗಿತ್ತು, ಸಿಗಲಿಲ್ಲ. ತಲೆ ಸಿಕ್ಕಿತು. ಎರಡೂ ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿದ.

ಆ ನಾಡಿನಲ್ಲಿ ಮಗುವಿನ ತಲೆಯನ್ನೂ ಸುಮ್ಮನೆ ಮುಟ್ಟುವುದಿಲ್ಲ. ಭಂತೇಜಿಯ ತಲೆ! ಊರವರು ಧಡಕ್ಕನೆ ಎದ್ದು ನಿಂತರು. ಪರದೇಶದವರು ಮಾತ್ರ ಇದೂ ಒಂದು ಪದ್ಧತಿ ಇರಬೇಕೆಂದು ಫೋಟೋ ತೆಗೆದುಕೊಂಡರು. ಚಂತಾ ಓಡಿಬಂದು ಭಂತೇಜಿಯ ಮುಂದೆ ತಪ್ಪಾಯಿತೆಂದು ಅಡ್ಡಬಿದ್ದಳು. ಬಿದ್ದಳಲ್ಲ, ಬುನ್ಮಿ ಅವಳನ್ನೂ ಎತ್ತಿದ.

ಹೊರಗೆ ಬಂದ ಮೇಲೆ ಪ್ರಸಿತ್ ಮುಖ ತಗ್ಗಿಸಿ ಅಂದ. "ಅಕ್ಕಾ, ಇನ್ನು ನಿಮ್ಮ ಮನೆಗೆ ಯಾರನ್ನೂ ಕರಕೊಂಡು ಬರೋಕಾಗಲ್ಲ. ಊರವರು ಬೇಡ ಅಂತಾರೆ."

ಆಮೇಲೆ ಆ ಮನೆಯ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ. ಎರಡು ಕೋಣೆಯ ಹಾಸಿಗೆ ಸುತ್ತಿಟ್ಟಳು ಚಂತಾ. ಮಗನನ್ನು ಬಯ್ಯಲೂ ಎದೆಯಲ್ಲಿ ಗಾಳಿ ಇರಲಿಲ್ಲ. ಎಂಟು ದಿನ ಕಳೆದು, ಅವಳು ಒಬ್ಬಳೇ ಭಂತೇಜಿಯ ಹತ್ತಿರ ಹೋಗಿ ಎಲ್ಲ ಹೇಳಿಕೊಂಡಳು. ಡಾಕ್ಟರು ಹೇಳಿದ್ದು, ತನ್ನ ಭಯ, ಎಲ್ಲ.

ಭಂತೇಜಿ ತಮ್ಮ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು. "ನನ್ನ ತಲೆಯನ್ನು ಯಾರಾದರೂ ಹೀಗೆ ಮುಟ್ಟಿ ಎಪ್ಪತ್ತು ವರ್ಷವಾಗಿತ್ತು" ಅಂದರು. "ನಮ್ಮಮ್ಮ ಮುಟ್ಟಿದ್ದೇ ಕೊನೆ. ಅವನಿಗೆ ದೀಕ್ಷೆ ಕೊಡೋಣ. ಅಂಗಳ ಗುಡಿಸಿಕೊಂಡು ಇಲ್ಲೇ ಇರಲಿ. ಅನ್ನ ಇದೆ, ನೆರಳಿದೆ. ನೀನು ನೆಮ್ಮದಿಯಾಗಿ ಹೋಗು."

ಚಂತಾ ಒಂದೂವರೆ ತಿಂಗಳು ಕೂತು ಮಗನ ಕಾವಿಯನ್ನು ತಾನೇ ಹೊಲಿದಳು. ನಾಲ್ಕು ಹೊಲಿಗೆಗೆ ಒಂದು ಸಲ ಕೆಮ್ಮುವಳು, ಕೆಮ್ಮಿ ಮತ್ತೆ ಸೂಜಿ ಹಿಡಿಯುವಳು.

ದೀಕ್ಷೆ ಅಂದರೆ ಆ ನಾಡಿನಲ್ಲಿ ಮದುವೆಗಿಂತ ದೊಡ್ಡದು. ಸುದ್ದಿ ತಿಳಿದು ಪ್ರಸಿತ್ ಹದಿನಾಲ್ಕು ಪ್ರವಾಸಿಗಳನ್ನು ಕರಕೊಂಡು ಬಂದ. ಚಂತಾ ಕತ್ತರಿಯಿಂದ ಮಗನ ಕೂದಲಿನ ಮೊದಲ ಎಳೆ ಕತ್ತರಿಸಿ ತಾವರೆ ಎಲೆಯ ಮೇಲಿಟ್ಟಳು. ಉಳಿದದ್ದನ್ನು ಭಂತೇಜಿ ಬೋಳಿಸಿದರು. ಬಿಳಿ ಬಟ್ಟೆ ಉಡಿಸಿ, ಡೋಲು ಬಡಿದು, ಹೆಗಲ ಮೇಲೆ ಹೊತ್ತು ವಿಹಾರ ಸುತ್ತಿಸಿದರು. ಪರದೇಶದ ಹೆಂಗಸರು ಕಣ್ಣೊರೆಸಿಕೊಂಡರು.

ಪಕ್ಕದ ಕೋಣೆಯಲ್ಲಿ ತಾಯಿ ಮಗ ಇಬ್ಬರೇ ಇದ್ದಾಗ ಅವಳು ಕಾವಿಯ ಗಂಟನ್ನು ಅವನ ಕೈಗಿಟ್ಟಳು.

"ಇಷ್ಟು ಜನ ಯಾಕೆ ಬಂದಿದ್ದಾರಮ್ಮ?"

"ಅಮ್ಮನಾದವಳು ಮಗನ ಕಾವಿಯ ಅಂಚು ಹಿಡಕೊಂಡು ಸ್ವರ್ಗಕ್ಕೆ ಹೋಗ್ತಾಳಂತೆ, ನಮ್ಮ ಹಿರಿಯರ ಮಾತು. ಅದನ್ನು ನೋಡೋಕೆ ಬಂದಿದ್ದಾರೆ."

"ನೀನೂ ಹೋಗ್ತೀಯಾ?"

"ಹೂಂ. ಈ ಅಂಚು ಹಿಡಕೊಂಡೇ ಹೋಗ್ತೀನಿ."

"ಸಂಜೆಗೆ ಬರ್ತೀಯಾ?"

ದಣಿದಿದ್ದಳು. ಸುಳ್ಳು ಹೇಳಲು ತೋಚಲಿಲ್ಲ. "ಅಲ್ಲಿಗೆ ಹೋದವರು ಬರಲ್ಲ ಮಗಾ. ಕಾವಿ ಉಟ್ಟುಕೊಂಡು ಬೇಗ ಬಾ" ಅಂದು ಹೊರಗೆ ಹೋದಳು.

ಜನ ಕಾದರು. ಭಂತೇಜಿ ಕಾದರು. ಮುಹೂರ್ತ ಮೀರುತ್ತಾ ಬಂದಾಗ ಚಂತಾ ಹೋಗಿ ಬಾಗಿಲು ತೆಗೆದಳು. ಬುನ್ಮಿ ಬಿಳಿ ಬಟ್ಟೆಯಲ್ಲೇ ನೆಲದ ಮೇಲೆ ಕೂತಿದ್ದ. ಕೈಯಲ್ಲಿ ಕೂದಲು ಕತ್ತರಿಸಿದ ಅದೇ ಕತ್ತರಿ. ಸುತ್ತಲೂ ಕಾವಿಯ ಪಟ್ಟಿಗಳು, ಬೆರಳಗಲ, ಬೆರಳಗಲ. ಹಣೆ ಬೆವರಿತ್ತು.

"ಅಂಚು ಕತ್ತರಿಸಿ ಹಾಕಿದೆನಮ್ಮ" ಅಂದ. "ಕತ್ತರಿಸಿದರೆ ಒಳಗಿಂದ ಇನ್ನೊಂದು ಅಂಚು ಬರುತ್ತೆ. ಅದನ್ನೂ ಕತ್ತರಿಸಿದೆ. ಆಮೇಲೆ ಮತ್ತೊಂದು. ಬರ್ತಾನೇ ಇದೆ."

ಭಂತೇಜಿ ಬಾಗಿಲಿಗೆ ಬಂದು ನೋಡಿದರು. "ನನ್ನ ಹತ್ತಿರ ಬೇರೆ ಕಾವಿ ಇದೆ, ಉಡ್ತೀಯಾ?" ಅಂದರು ಮೆಲ್ಲಗೆ.

"ಅದಕ್ಕೂ ಅಂಚು ಇದೆಯಾ?"

"ಇದೆ."

"ಹಾಗಾದರೆ ಬೇಡ."

ಒಲ್ಲೆ ಅಂದವನಿಗೆ ದೀಕ್ಷೆ ಇಲ್ಲ. ಡೋಲಿನವರು ಡೋಲಿಗೆ ಮುಸುಕು ಹಾಕಿದರು, ಊರವರು ಒಬ್ಬೊಬ್ಬರೇ ಎದ್ದರು. ಪರದೇಶದವರಿಗೆ ಏನೂ ತಿಳಿಯಲಿಲ್ಲ. ಬಾಚಿಕೊಂಡ ಪಟ್ಟಿಗಳ ಸಮೇತ ಹೊರಗೆ ಬಂದ ಬುನ್ಮಿಯನ್ನು ಕಂಡು, ಇದು ಮುಂಗೈಗೆ ಕಟ್ಟುವ ರಕ್ಷೆಯ ದಾರವೆಂದೇ ತಿಳಿದು ಸಾಲಾಗಿ ನಿಂತು ಕೈ ನೀಡಿದರು. ಬುನ್ಮಿ ಅಮ್ಮನ ಕಡೆ ನೋಡಿದ. ಚಂತಾ ಕಂಬಕ್ಕೆ ಒರಗಿಕೊಂಡಿದ್ದಳು. "ಕಟ್ಟು" ಅಂದಳು, ಅಷ್ಟೆ.

ಅವನು ಕಟ್ಟಿದ. ಅವಳ ಒಂದೂವರೆ ತಿಂಗಳ ಹೊಲಿಗೆ ಹದಿನಾಲ್ಕು ಅಪರಿಚಿತ ಮುಂಗೈಗಳನ್ನು ಸುತ್ತಿಕೊಂಡು ವ್ಯಾನು ಹತ್ತಿತು. ಮಿಕ್ಕ ಚೂರುಗಳನ್ನು ಹೊಳೆಗಾಳಿ ಅಂಗಳದ ತುಂಬ ಹಾರಿಸಿತು.

ಬುನ್ಮಿಯ ಕೈಯಲ್ಲಿ ಒಂದು ಪಟ್ಟಿ ಉಳಿದಿತ್ತು. ಚಂತಾ ಹತ್ತಿರ ಬಂದು ತನ್ನ ಕೈ ನೀಡಿದಳು. "ಅವರಿಗೆಲ್ಲ ಕಟ್ಟಿದೆ. ನನಗೊಂದು ಕೊಡಪ್ಪ."

ಬುನ್ಮಿ ಪಟ್ಟಿ ನೋಡಿದ, ಅಮ್ಮನ ಕೈ ನೋಡಿದ. ಪಟ್ಟಿಯನ್ನು ಉಂಡೆ ಮಾಡಿ ಬಾಯಿಗೆ ಹಾಕಿಕೊಂಡ. ಅಗಿದ, ಅಗಿದ, ಕಣ್ಣು ಕೆಂಪಾದರೂ ಅಗಿದು, ನುಂಗಿಬಿಟ್ಟ.

ಚಂತಾ ಬಯ್ಯಲಿಲ್ಲ. ಅವನ ಬೆನ್ನು ತಟ್ಟಿ, ನೀರು ತರಲು ಬಾನಿಯ ಕಡೆ ನಡೆದಳು.