ಬಾರದ ಮಂಜು

ತುಂಗಭದ್ರೆಯ ದಡದಲ್ಲಿ ಮುರಿಗೆಯ್ಯನವರ ಆಶ್ರಮ. ಪ್ರತಿ ಭಾನುವಾರ ಮಧ್ಯಾಹ್ನ ಅವರು ಕಿಟಕಿಗಳಿಗೆ ಕಂಬಳಿ ಕಟ್ಟಿಸಿ, ಸುಣ್ಣದ ಗೋಡೆಯ ಮೇಲೆ ಒಂದೇ ಸಿನಿಮಾ ತೋರಿಸುತ್ತಿದ್ದರು.

ಯಾರೂ ಹೆಸರು ಕೇಳದ ಸಿನಿಮಾ. ಒಬ್ಬ ಹೆಂಗಸು ದೋಣಿಗಾಗಿ ಕಾಯುತ್ತಾಳೆ. ಮಾತು ಕಡಿಮೆ. ನಡುವೆ ನಾಲ್ಕು ನಿಮಿಷ ಹೊಳೆಯ ಮೇಲೆ ಮಂಜು, ಅಷ್ಟೇ.

ಆದರೂ ಹತ್ತು ಹನ್ನೆರಡು ಜನ ಬರುತ್ತಿದ್ದರು. ಮುಗಿದ ಮೇಲೆ ಮಾತಿಲ್ಲದೆ ಎದ್ದು ಹೋಗುತ್ತಿದ್ದರು.

ಸಿನಿಮಾ ಓಡಿಸುವ ಕೆಲಸ ಶಿಷ್ಯ ಚನ್ನಮಲ್ಲನದು. ಅವನಿಗೆ ಅನುಮಾನ. ಇವರಿಗೆ ಏನೂ ಅರ್ಥವಾಗುತ್ತಿಲ್ಲ, ದಡ್ಡರೆನಿಸಿಕೊಳ್ಳಬಾರದೆಂದು ನಟಿಸುತ್ತಾರೆ. ಗುರುಗಳಿಗಾದರೂ ಅರ್ಥವಾಗಿದೆಯೋ ಇಲ್ಲವೋ.

ಒಮ್ಮೆ ಕೇಳಿಯೇಬಿಟ್ಟ. "ಈ ಸಿನಿಮಾದಲ್ಲಿ ಏನಿದೆ ಗುರುಗಳೇ?"

"ಒಬ್ಬ ಹೆಂಗಸು ದೋಣಿಗಾಗಿ ಕಾಯುತ್ತಾಳೆ."

"ಅದು ನನಗೂ ಕಾಣುತ್ತದೆ."

"ಹಾಗಾದರೆ ಸರಿ," ಎಂದು ಗುರುಗಳು ಕಂಬಳಿ ಮಡಚತೊಡಗಿದರು.

ಅನುಮಾನ ಇನ್ನೂ ಬಲವಾಯಿತು. ಮುಂದಿನ ಭಾನುವಾರ ಚನ್ನಮಲ್ಲ ಕಂಪ್ಯೂಟರಿನಲ್ಲಿ ಆ ಮಂಜಿನ ಭಾಗವನ್ನು ಕತ್ತರಿಸಿ ತೆಗೆದ. ಸಿನಿಮಾ ಓಡಿತು. ಅವನು ಮೂಲೆಯಲ್ಲಿ ನಿಂತು ಒಂದೊಂದೇ ಮುಖ ನೋಡಿದ. ಯಾರೂ ಮಿಸುಕಲಿಲ್ಲ. ಗೆದ್ದೆನೆಂದುಕೊಂಡ.

ಎಲ್ಲರೂ ಹೋದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ದ್ಯಾಮವ್ವ ಮಾತ್ರ ಕೂತೇ ಇದ್ದಳು.

"ಮುಗೀತವ್ವ," ಅಂದ.

"ಇವತ್ತು ಮಂಜು ಬರಲಿಲ್ಲಲ್ಲಪ್ಪ."

ಚನ್ನಮಲ್ಲ ಅವಳ ಹತ್ತಿರ ಬಂದ. "ಅದರಾಗ ಏನಿತ್ತವ್ವ?"

"ಏನೂ ಇರಲಿಲ್ಲ. ಉಪ್ಪು ಹೆಚ್ಚಾತು, ಸಾರು ನೀರಾತು, ಲಗೂ ಮಾಡು ಅಂತ ವಾರವೆಲ್ಲ ಯಾರಾದರೂ ಹೇಳತಾನೇ ಇರತಾರ. ಆ ಮಂಜಿನಾಗ ಯಾರೂ ಏನೂ ಹೇಳೂದಿಲ್ಲ. ಅದಕ್ಕ ಎರಡು ಮೈಲಿ ನಡಕೊಂಡು ಬರತೀನಿ."

ಅವಳು ಸೆರಗು ಹೊದ್ದು ಹೊರಟುಹೋದಳು.

ಚನ್ನಮಲ್ಲ ಗುರುಗಳ ಬಳಿ ಹೋಗಿ ಮಾಡಿದ್ದನ್ನೆಲ್ಲ ಹೇಳಿದ. "ಅಳಿಸಿಲ್ಲ ಗುರುಗಳೇ, ಮತ್ತೆ ಸೇರಿಸುತ್ತೇನೆ. ಕತ್ತರಿಸಿದ್ದು ನಿಮಗೂ ತಿಳಿಯಿತೇ?"

"ಇಲ್ಲ. ನಾನಿವತ್ತು ಗೋಡೆ ನೋಡಲಿಲ್ಲ. ನಿನ್ನನ್ನು ನೋಡುತ್ತಿದ್ದೆ."

"ನನ್ನನ್ನು ಯಾಕೆ?"

ಗುರುಗಳು ಚಾಪೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಒಂದು ವರ್ಷದಿಂದ ಬಂದವರ ಮುಖ ನೋಡುತ್ತಿದ್ದೀಯ. ಸಿನಿಮಾ ಯಾವತ್ತು ನೋಡುತ್ತೀಯ?"